ಪಾಚಿಗೆ ಹಾಕಿದ ಹೆಪ್ಪು

ತಿಪ್ಪೇರುದ್ರಮ್ಮ ತೊಳೆದ ಗಾಜಿನ ಸಾಮಾನನ್ನು ಕೊಟ್ಟೂರಿನ ಆ ಪದವಿ ಕಾಲೇಜಿನಲ್ಲಿ ಯಾರೂ ಎರಡನೇ ಸಲ ತೊಳೆಯುತ್ತಿರಲಿಲ್ಲ. ತೊಳೆಯಲು ಹೋದವರಿಗೆ ಅವಳ ಒಂದು ನೋಟವೇ ಸಾಕಾಗುತ್ತಿತ್ತು. ಗಂಡ ಅದೇ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ. ಅವನು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅವಳಿಗೆ ಸಿಕ್ಕ ನೌಕರಿ ಅದು. ಅನುಕಂಪ ಎಂಬ ಮಾತು ಕಿವಿಗೆ ಬಿದ್ದರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಇರಬೇಕು, ಹನ್ನೊಂದು ವರ್ಷದಲ್ಲಿ ಒಂದು ಟೆಸ್ಟ್‌ಟ್ಯೂಬು ಒಡೆದಿರಲಿಲ್ಲ, ಒಂದು ಹನಿ ಆಸಿಡ್ ಚೆಲ್ಲಿರಲಿಲ್ಲ. "ನನ್ನ ಕೈ ನೋಡಿ ಪಗಾರ ಕೊಡ್ರಿ, ಬರಿ ಹಣಿ ನೋಡಿ ಅಲ್ಲ" ಎಂದು ಒಬ್ಬ ಪ್ರಿನ್ಸಿಪಾಲರಿಗೇ ಹೇಳಿದ ಗಟ್ಟಿಗಿತ್ತಿ.

ಇಂಥವಳು ಮನಸಾರೆ ಮೆಚ್ಚಿದ್ದು ಒಬ್ಬರನ್ನೇ, ಗೀತಾಂಜಲಿ ಮೇಡಂ ಅವರನ್ನು. ಮೇಡಂ ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಸ್ಥರ ಮನೆಯ ಮಗಳು. ಕೂತು ಉಂಡರೂ ಕರಗದಷ್ಟು ಇದ್ದ ಮನೆ. ಆದರೂ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಕೊಟ್ಟೂರಿಗೆ ಬಂದು ಪಾಠ ಹೇಳುವರು. ಭಾನುವಾರ ಬಂದರೆ ಕೂಡ್ಲಿಗಿ ಕಡೆಯ ಗುಡ್ಡ ಹತ್ತುವರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹೆಗಲಿಗೆ ಚೀಲ ಏರಿಸಿ ಮೇಡಂ ಬಂಡೆ ಹತ್ತುವುದನ್ನು ತಿಪ್ಪೇರುದ್ರಮ್ಮ ಒಮ್ಮೆ ಜೊತೆಗೆ ಹೋಗಿ ಕಣ್ಣಾರೆ ಕಂಡಿದ್ದಳು. ಕುರಿ ಕಾಯುವವರೂ ಬಳಸಿಕೊಂಡು ಹೋಗುವ ಬಂಡೆ ಅದು.

ಆ ಬಂಡೆಯ ನೆತ್ತಿಯಲ್ಲಿ ಮಳೆನೀರು ನಿಲ್ಲುವ ಒಂದು ದೊಣೆ ಇತ್ತು. ಬೇಸಿಗೆಯಲ್ಲಿ ಕಲ್ಲಿಗೆ ಕೈಯಿಟ್ಟರೆ ಬೊಬ್ಬೆ ಏಳುವ ಜಾಗ. ದೊಣೆಯ ನೀರು ಅಂಗೈಯಷ್ಟು ಆಳಕ್ಕೆ ಇಳಿದು, ಉಳಿದ ಹುಳಹುಪ್ಪಟೆಯೆಲ್ಲ ಸತ್ತರೂ ಒಂದು ಪಾಚಿ ಮಾತ್ರ ಎಳೆ ಗರಿಕೆಯ ಬಣ್ಣದಲ್ಲೇ ಇರುತ್ತಿತ್ತು. ಯಾವ ಬಲದ ಮೇಲೆ ಇದು ಇಷ್ಟು ಬಾಳುತ್ತದೆ ಎಂಬುದೇ ಮೇಡಂ ಪಿಎಚ್‌ಡಿಗೆ ಹಿಡಿದ ವಿಷಯ. ಅದು ಎರಡು ಸಾವಿರದ ಮೂರನೇ ಇಸವಿ.

ಪಾಚಿಯ ಬಲ ತಿಳಿಯಬೇಕಾದರೆ ಮೊದಲು ಪಾಚಿಯನ್ನು ಒಂಟಿ ಮಾಡಬೇಕು. ಅದರ ಮೈಸುತ್ತ ಲೋಳೆಯ ಹೊದಿಕೆ ಇದೆ, ಹೊದಿಕೆಯೊಳಗೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇವೆ, ಅವನ್ನೆಲ್ಲ ಔಷಧಿ ಹಾಕಿ ತೆಗೆಯಬೇಕು. ಮೇಡಂ ಇದನ್ನು 'ತೊಳೆ' ಎನ್ನುತ್ತಿದ್ದರು. ಒಂದನೇ ತೊಳೆ, ಎರಡನೇ ತೊಳೆ ಎಂದು ಬಾಟಲಿಗಳ ಮೇಲೆ ಚೀಟಿ ಅಂಟಿಸುವುದು. ಅಕ್ಕಿ ತೊಳೆದ ಹಾಗೆ ಇದು ಎಂದು ತಿಪ್ಪೇರುದ್ರಮ್ಮ ಮನಸ್ಸಿನಲ್ಲೇ ಸಮ ಮಾಡಿಕೊಂಡಿದ್ದಳು. ಐದು ತೊಳೆ ಆಗುವ ಹೊತ್ತಿಗೆ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಗಾಜಿನ ತಟ್ಟೆಗಳೆಲ್ಲ ಖಾಲಿ ಬರತೊಡಗಿದ್ದವು. ಆದರೆ ಮೈಕ್ರೋಸ್ಕೋಪಿನಲ್ಲಿ ಲೋಳೆಯೊಳಗೆ ಇನ್ನೂ ಏನೋ ಸಣ್ಣ ಚುಕ್ಕೆಗಳು ಮಿಸುಕಾಡುವಂತೆ ಮೇಡಂಗೆ ಗುಮಾನಿ. ಆರನೇ ತೊಳೆಗೆ ಔಷಧಿಯನ್ನು ಇನ್ನೂ ಖಾರ ಮಾಡಿದರು. ಆ ಔಷಧಿ ಸೋಸಿ ತೆಗೆದು, ಆರು ಹೊಸ ಬಾಟಲಿಗಳ ಹೊಸ ನೀರಿಗೆ ಪಾಚಿ ಹಾಕಿ, ತಾವು ಪರೀಕ್ಷೆಯ ಪೇಪರ್ ತಿದ್ದುವ ಕೆಲಸಕ್ಕೆ ಐದು ದಿನ ಊರು ಬಿಟ್ಟರು.

ಶನಿವಾರ ಮಧ್ಯಾಹ್ನ ತಿಪ್ಪೇರುದ್ರಮ್ಮ ನೋಡುತ್ತಾಳೆ, ಆರಕ್ಕೆ ಆರೂ ಬಾಟಲಿ ಬಿಳಿಚಿಕೊಂಡಿವೆ. ಜ್ವರ ಬಿಟ್ಟ ಮಕ್ಕಳ ಮುಖದಂತೆ. ಪಕ್ಕದಲ್ಲೇ ಐದನೇ ತೊಳೆಯ ಹಳೆಯ ಬಾಟಲಿ ಹಸಿರು ಹಸಿರಾಗಿ ನಗುತ್ತಿತ್ತು. ವರ್ಷದ ದುಡಿಮೆ, ಮೇಡಂ ಬಂದು ನೋಡಿದರೆ ಎದೆ ಒಡೆದುಕೊಳ್ಳುತ್ತಾರೆ. ಹೊಸ ಹಾಲು ಮೊಸರಾಗದಿದ್ದರೆ ಯಾವ ಹೆಂಗಸಾದರೂ ಏನು ಮಾಡುತ್ತಾಳೆ? ಹಳೆ ಮೊಸರಿನ ಹೆಪ್ಪು ಹಾಕುತ್ತಾಳೆ. ಇವೂ ಹೊಸ ನೀರಿಗೆ ಒಗ್ಗಿಲ್ಲ ಅಷ್ಟೆ, ಹಳೆ ನೀರಿನ ವಾಸನೆ ಬೇಕು ಇವಕ್ಕೆ ಎಂದುಕೊಂಡಳು. ಆದರೆ ಪಾಚಿ ಹಾಕಬಾರದು, ಮೇಡಂ ಪಾಚಿಯನ್ನು ಎಣಿಸಿ ಹಾಕಿರುತ್ತಾರೆ, ಅದು ಮೋಸವಾಗುತ್ತದೆ. ಹಾಗಾಗಿ ಹಳೆ ಬಾಟಲಿಯನ್ನು ಅಲುಗಾಡಿಸದೆ ಇಟ್ಟು, ಹಸಿರೆಲ್ಲ ತಳಕ್ಕೆ ಕೂತ ಮೇಲೆ, ಕುದಿಸಿದ ಡ್ರಾಪರ್‌ನಿಂದ ಮೇಲಿನ ತಿಳಿನೀರು ಮಾತ್ರ ತೆಗೆದಳು. ತಿಳಿಯಾಗಲು ಕಾಯುವಷ್ಟರಲ್ಲಿ ಸಂಜೆಯಾಗಿತ್ತು. ಒಂದನೇ ಬಾಟಲಿಗೆ ನಾಲ್ಕು ಹನಿ, ಎರಡನೆಯದಕ್ಕೆ ನಾಲ್ಕು ಹನಿ. ಮೂರನೆಯದಕ್ಕೆ ಹಾಕುವಾಗ ಕರೆಂಟು ಹೋಯಿತು. ಬೆಚ್ಚಿದ ಕೈ ಡ್ರಾಪರ್‌ನ ರಬ್ಬರನ್ನು ಹಿಚುಕಿ, ಒಳಗಿದ್ದದ್ದೆಲ್ಲ ಬುಳಕ್ ಎಂದು ಬಾಟಲಿಗೆ ಇಳಿಯಿತು.

ಅಷ್ಟರಲ್ಲಿ ಕಾವಲುಗಾರ ವರಾಂಡದಲ್ಲಿ ದೀಪ ಹಚ್ಚಿಟ್ಟ. ಅಲ್ಲಿಗೆ ಅವಳು ಕೈಬಿಟ್ಟಳು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದುಂಟೇ? ಅವಳ ಅತ್ತೆ ಪಂಪಮ್ಮ ಎಷ್ಟೋ ಸಲ ನೆರೆಯವರನ್ನು "ನಾಳಿ ಮುಂಜಾನಿ ಬಾರವ್ವ" ಎಂದು ಬರಿಗೈಯಲ್ಲಿ ಕಳಿಸಿದ್ದಿತ್ತು. ಉಳಿದ ಮೂರು ಬಾಟಲಿ ಹಾಗೇ ಉಳಿದವು. ಮರುದಿನ ಭಾನುವಾರ, ಲ್ಯಾಬಿಗೆ ಬೀಗ. ಸೋಮವಾರ ಅಡ್ಮಿಷನ್ನಿನ ಗದ್ದಲದಲ್ಲಿ ಮರೆತೇ ಹೋಯಿತು.

ಹತ್ತು ದಿನ ಕಳೆಯುವಷ್ಟರಲ್ಲಿ ಮೂರು ಬಾಟಲಿ ಹಸಿರಾಗಿದ್ದವು, ಮೂರು ಸತ್ತಿದ್ದವು. ಸತ್ತವಕ್ಕೆ ಔಷಧಿ ಹೆಚ್ಚಾಗಿರಬೇಕು ಎಂದು ಮೇಡಂ ಬರೆದುಕೊಂಡರು. ಬದುಕಿದವನ್ನು ತಟ್ಟೆಗೆ ಹಾಕಿ ನೋಡಿದರು, ತಟ್ಟೆ ಖಾಲಿ. ಇನ್ನೊಮ್ಮೆ ನೋಡಿದರು, ಖಾಲಿ. ಪಾಚಿ ಕೊನೆಗೂ ಒಂಟಿಯಾಯಿತು ಎಂದು ಅವರಿಗಾದ ಖುಷಿ ಅಷ್ಟಿಷ್ಟಲ್ಲ. ಸ್ಟಾಫ್‌ ರೂಮಿಗೆಲ್ಲ ಮಂಡಕ್ಕಿ ಮಿರ್ಚಿ ತರಿಸಿದರು. ತಿಪ್ಪೇರುದ್ರಮ್ಮನೂ ಖುಷಿಯಿಂದ ಎರಡು ಮಿರ್ಚಿ ತಿಂದಳು. ಹೆಪ್ಪಿನ ಮಾತು ಹೇಳಬೇಕು ಅಂತ ಅವಳಿಗೆ ಅನ್ನಿಸಲೂ ಇಲ್ಲ. ಹೆಪ್ಪು ಹಾಕಿದ್ದನ್ನು ಯಾರಾದರೂ ಡಂಗುರ ಹೊಡೆಯುತ್ತಾರೆಯೇ?

ಎಂಟು ತಿಂಗಳು ಮೇಡಂ ಆ ಪಾಚಿಯ ಮೇಲೆ ಹಗಲಿಡೀ ದುಡಿದರು. ಬಿಸಿಲಿಗೆ ಇಟ್ಟು ನೋಡಿದರು, ಉಪ್ಪು ಹಾಕಿ ನೋಡಿದರು, ಒಣಗಿಸಿ ನೋಡಿದರು. ಪ್ರಬಂಧದ ನಾಲ್ಕು ಅಧ್ಯಾಯ ಬರೆದಾಯಿತು. ವಿಶ್ವವಿದ್ಯಾಲಯದ ಗೈಡು ಭೇಷ್ ಎಂದರು. ಆಮೇಲೆ ಒಂದು ದಿನ ಮೇಡಂ ಎರಡನೇ ವರ್ಷದ ಮಕ್ಕಳನ್ನು ಲ್ಯಾಬಿನಲ್ಲಿ ಸುತ್ತ ನಿಲ್ಲಿಸಿಕೊಂಡು ಪಾಠ ಶುರುಮಾಡಿದರು. ತಿಪ್ಪೇರುದ್ರಮ್ಮ ಮೂಲೆಯಲ್ಲಿ ಗಾಜು ಒರೆಸುತ್ತಿದ್ದಳು.

"ಹಾಲು ಮೊಸರಾಗೋದು ಹೆಂಗೆ ಹೇಳ್ರಿ? ಹೆಪ್ಪಿನಲ್ಲಿ ಏನಿರ್ತದೆ? ಲಕ್ಷಗಟ್ಟಲೆ ಬ್ಯಾಕ್ಟೀರಿಯಾ. ಒಂದು ಹನಿ ಸಾಕು, ಇಡೀ ಪಾತ್ರೆ ತುಂಬ್ಕೊಳ್ತವೆ" ಎಂದರು ಮೇಡಂ. ಆಮೇಲೆ ಹಸಿರು ಬಾಟಲಿಯನ್ನು ಎತ್ತಿ ಹಿಡಿದರು. "ಇದು ನೋಡ್ರಿ, ಇದರೊಳಗೆ ಪಾಚಿ ಬಿಟ್ರೆ ಬೇರೆ ಒಂದು ಜೀವ ಇಲ್ಲ."

ತಿಪ್ಪೇರುದ್ರಮ್ಮನ ಕೈಯಲ್ಲಿದ್ದ ಬಟ್ಟೆ ನಿಂತಿತು. ನಲವತ್ತು ವರ್ಷ ಹೆಪ್ಪು ಹಾಕಿದ ಕೈ ಅದು. ಹೆಪ್ಪಿಗೆ ಜೀವ ಇದೆ ಎಂದು ಅವತ್ತೇ ಗೊತ್ತಾದದ್ದು. ಮೇಡಂ ಅಷ್ಟು ಹುಡುಕಿ ಹುಡುಕಿ ಹೊರಗೆ ಹಾಕಿದವರನ್ನು ತಾನು ಹಿಂಬಾಗಿಲಿನಿಂದ ಒಳಗೆ ಬಿಟ್ಟಿದ್ದಳು.

ಅವತ್ತು ಮನೆಯಲ್ಲಿ ರೊಟ್ಟಿ ತಟ್ಟುತ್ತಾ ಅತ್ತೆಗೆ ಎಲ್ಲ ಹೇಳಿದಳು. ಪಂಪಮ್ಮ ಒಲೆಗೆ ಕಟ್ಟಿಗೆ ದೂಡುತ್ತಾ ಕೇಳಿಸಿಕೊಂಡಳು.

"ಹೇಳಬ್ಯಾಡ. ಯಾರು ನೋಡ್ಯಾರ? ಹೇಳಿದ್ರ ನಿನ್ನ ನೌಕರಿ ಹೋಗ್ತೈತಿ, ಆಕಿ ಡಿಗ್ರಿ ಹೋಗ್ತೈತಿ. ಸುಮ್ನಿದ್ರ ಇಬ್ಬರದೂ ಉಳಿತೈತಿ" ಎಂದಳು ಪಂಪಮ್ಮ.

"ಆಕಿ ಸುಳ್ಳು ಬರದಂಗ ಆಗ್ತೈತಲ್ಲತ್ತಿ, ಆಕಿಗೇ ಗೊತ್ತಿಲ್ದಂಗ."

"ನಿನಗ ಗೊತ್ತೈತಲ್ಲ, ಸಾಕು. ಒಬ್ಬರ ಹೊಟ್ಟ್ಯಾಗ ಇದ್ರ ಏನಾಗಲ್ಲ."

ಒಬ್ಬರ ಹೊಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಮೂರು ದಿನ ತಟ್ಟಿದ ರೊಟ್ಟಿಯನ್ನು ಅತ್ತೆಗೇ ಬಡಿಸಿ ಎದ್ದಳು. ನೌಕರಿ ಹೋದರೆ ಮತ್ತೆಲ್ಲಾದರೂ ಮುಸುರೆ ತಿಕ್ಕಬಹುದು. ಮೇಡಂ ತನ್ನ ಮುಖ ನೋಡುವುದನ್ನೇ ಬಿಟ್ಟರೆ? ಆ ಲ್ಯಾಬಿನಲ್ಲಿ ಅವಳಿಗೆ ಬಹುವಚನ ಹಾಕಿ ಮಾತಾಡಿಸಿದ ಮೊದಲ ಮನುಷ್ಯರು ಅವರು. ನಾಲ್ಕನೇ ದಿನ ಮೇಡಂ ಒಬ್ಬರೇ ಇದ್ದಾಗ ಹೋಗಿ ನಿಂತಳು. ಹಳೆ ಬಾಟಲಿ, ತಿಳಿನೀರು, ನಾಲ್ಕು ನಾಲ್ಕು ಹನಿ, ಮೂರು ಬಾಟಲಿ, ಎಲ್ಲ ಒಪ್ಪಿಸಿದಳು. ಕೈ ಬೆಚ್ಚಿ ಚೆಲ್ಲಿದ ಒಂದು ಮಾತನ್ನು ಮಾತ್ರ ನುಂಗಿಕೊಂಡಳು. ತಪ್ಪು ಮಾಡಿದೆ ಅನ್ನಲು ಬಾಯಿ ಬಂತು, ಕೈ ತಪ್ಪಿತು ಅನ್ನಲು ಬರಲಿಲ್ಲ. ಮನುಷ್ಯರ ಸೊಕ್ಕು ಎಲ್ಲೆಲ್ಲಿ ಅಡಗಿ ಕೂತಿರುತ್ತದೋ ಹೇಳಲಾಗದು.

ಮೇಡಂ ಬಯ್ಯಲಿಲ್ಲ. "ಹೊರಗೆ ಹೋಗ್ರಿ" ಎಂದರು, ಅಷ್ಟೆ. ಎರಡು ದಿನ ಲ್ಯಾಬಿಗೇ ಬರಲಿಲ್ಲ. ತಿಪ್ಪೇರುದ್ರಮ್ಮ ಆ ಎರಡು ದಿನ ತೊಳೆದದ್ದನ್ನೇ ತೊಳೆದಳು.

ಮೂರನೇ ದಿನ ಬೆಳಿಗ್ಗೆ ಕಸ ಹೊಡೆಯಲು ಬಂದರೆ ಲ್ಯಾಬಿನ ಬಾಗಿಲು ಆಗಲೇ ತೆರೆದಿತ್ತು. ಮೇಡಂ ಮೇಜಿನ ಮೇಲೆ ಬಾಟಲಿ ಜೋಡಿಸಿಕೊಂಡು ಕೂತಿದ್ದರು. ಕಣ್ಣು ಊದಿದ್ದವು, ಆದರೆ ದನಿ ಸರಿಯಾಗಿತ್ತು.

"ರುದ್ರಮ್ಮ, ಬರ್ರಿ. ಆರರಲ್ಲಿ ಮೂರಕ್ಕೆ ಮಾತ್ರ ಯಾಕೆ ಹಾಕಿದ್ರಿ?"

"ದೀಪ ಹಚ್ಚಿದ್ರು ಮೇಡಂ. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದಲ್ರಿ."

ಮೇಡಂ ನಗಲು ಶುರುಮಾಡಿದರು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೆಪ್ಪು ಹಾಕಿದ ಮೂರು ಬದುಕಿದವು, ಹಾಕದ ಮೂರು ಸತ್ತವು. ಔಷಧಿ ಹೆಚ್ಚಾಗಿ ಅಲ್ಲ, ಜೊತೆಗಾರರು ಇಲ್ದೆ ಸತ್ತವು. ಅವರನ್ನು ನಾನು ಒಂದು ವರ್ಷ ಕೊಳೆ ಅಂತ ತೊಳೆದೆ. ಆ ಪಾಚಿಯ ಬಲವೇ ಅವರು. ಅವತ್ತು ಏನು ಮಾಡಿದ್ರೋ ಅದನ್ನೇ ನನ್ನೆದುರು ಮಾಡ್ರಿ."

ತನ್ನ ಎಂಟು ತಿಂಗಳ ಬರಹ ನೀರು ಪಾಲಾದ ಮೂರನೇ ದಿನಕ್ಕೆ ಈ ಹೆಣ್ಣುಮಗಳು ನಗುತ್ತಾ ಹೊಸ ಬಾಟಲಿ ಜೋಡಿಸುತ್ತಿದ್ದಾಳಲ್ಲ ಎಂದು ತಿಪ್ಪೇರುದ್ರಮ್ಮ ಬೆರಗಾದಳು. ಅವರ ಕಾಲು ಮುಟ್ಟಬೇಕು ಅನ್ನಿಸಿತು. ಮುಟ್ಟಿದರೆ ಬಯ್ಯುತ್ತಾರೆಂದು ಡ್ರಾಪರ್ ಕುದಿಯಲು ಇಟ್ಟಳು.

ಮತ್ತೆ ಆರನೇ ತೊಳೆ ಶುರುವಾಯಿತು. ಬಿಳಿಚಿದ ಪಾಚಿಯ ಕೆಲವು ಬಾಟಲಿಗೆ ಹಸಿ ತಿಳಿನೀರು, ಕೆಲವಕ್ಕೆ ಕುದಿಸಿದ ತಿಳಿನೀರು, ಕೆಲವಕ್ಕೆ ಬ್ಯಾಕ್ಟೀರಿಯಾ ದಾಟದಷ್ಟು ಸಣ್ಣ ಜರಡಿಯಲ್ಲಿ ಸೋಸಿದ ತಿಳಿನೀರು. ಹಸಿರಾದದ್ದು ಹಸಿ ನೀರು ಬಿದ್ದವು ಮಾತ್ರ. ಅಲ್ಲಿಗೆ ಹನಿಯೊಳಗೆ ಯಾರೋ ಇರುವುದು ಖಾತ್ರಿಯಾಯಿತು. ಯಾರು ಎಂಬುದೇ ಪ್ರಶ್ನೆ. ತಟ್ಟೆಯ ಮೇಲೆ ಬೆಳೆಯಲು ಅವು ಒಪ್ಪುತ್ತಲೇ ಇರಲಿಲ್ಲ.

ಇಲ್ಲಿ ಮೇಡಂ ಅವರ ತಲೆ ಓಡಿದ ರೀತಿಯನ್ನು ತಿಪ್ಪೇರುದ್ರಮ್ಮ ಆಮೇಲೆ ಎಷ್ಟು ಜನರಿಗೆ ಹೇಳಿದ್ದಾಳೋ ಲೆಕ್ಕವಿಲ್ಲ. ತಟ್ಟೆಗೆ ಹಾಕುವ ಆಹಾರದಲ್ಲಿ ಮಾಂಸದ ಸಾರ, ಅದು ಇದು ಎಲ್ಲ ದಂಡಿಯಾಗಿರುತ್ತದೆ. "ಬಂಡೆ ಮೇಲಿನ ಮಳೆನೀರಲ್ಲಿ ಅರೆಹೊಟ್ಟೆ ಉಂಡು ಬದುಕಿದವಕ್ಕೆ ನಾನು ಮದುವೆ ಊಟ ಬಡಿಸ್ತಾ ಕೂತಿದ್ದೆ" ಎಂದು ಮೇಡಂ ಆಹಾರವನ್ನು ಐವತ್ತು ಪಾಲು ತೆಳ್ಳಗೆ ಮಾಡಿದರು. ಅದಕ್ಕೆ ಪಾಚಿ ಬೆಳೆದ ನೀರನ್ನೇ ಸೋಸಿ ಬೆರೆಸಿದರು. ತಿಪ್ಪೇರುದ್ರಮ್ಮ ಎಲ್ಲವನ್ನೂ ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿ ತಟ್ಟೆಗೆ ಹೊಯ್ದಳು. ಇರುವೆ ಹತ್ತದಂತೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದಳು. ಒಂದು ವಾರ, ಏನೂ ಇಲ್ಲ. ಎರಡು ವಾರ, ಏನೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ತಟ್ಟೆ ಎಸೆಯುತ್ತಿದ್ದರು. ಮೇಡಂ ದಿನಾ ಬಂದು ಭೂತಗನ್ನಡಿ ಹಿಡಿದು ನೋಡಿ, ಸುಮ್ಮನೆ ಪಾಠಕ್ಕೆ ಹೋಗುತ್ತಿದ್ದರು.

ಹತ್ತೊಂಬತ್ತನೇ ದಿನ ಮೊದಲು ಕಂಡದ್ದು ತಿಪ್ಪೇರುದ್ರಮ್ಮನ ಕಣ್ಣಿಗೆ. ಸೂಜಿಮೊನೆಯಷ್ಟು ಚುಕ್ಕೆ, ಕುಸುಬೆ ಹೂವಿನ ಬಣ್ಣ. ಒಂದಲ್ಲ, ಏಳು.

ಮೇಡಂ ಆ ಬ್ಯಾಕ್ಟೀರಿಯಾದ ಜಾತಕ ಬರೆಯಲು ಕೂತರು. ಎಷ್ಟು ಬಿಸಿ ತಡೆಯುತ್ತದೆ, ಎಷ್ಟು ಉಪ್ಪು ತಡೆಯುತ್ತದೆ, ಯಾವ ಸಕ್ಕರೆ ತಿನ್ನುತ್ತದೆ, ಯಾವುದನ್ನು ಮೂಸಿಯೂ ನೋಡುವುದಿಲ್ಲ. ಅದನ್ನು ಬಿಳಿಚಿದ ಪಾಚಿಗೆ ಹಾಕಿದರೆ ಪಾಚಿ ಹಸಿರಾಗುತ್ತಿತ್ತು. ಇಬ್ಬರನ್ನೂ ಬೇರೆ ಇಟ್ಟರೆ ಇಬ್ಬರೂ ಸೊರಗುತ್ತಿದ್ದರು. ಅದರ ಡಿಎನ್‌ಎಯ ಒಂದು ತುಂಡನ್ನು ಓದಿಸಲು ಪುಣೆಗೆ ಕಳಿಸಿದರು. ಎರಡು ತಿಂಗಳ ಮೇಲೆ ಉತ್ತರ ಬಂತು. ಜಗತ್ತಿನಲ್ಲಿ ಇಲ್ಲಿಯವರೆಗೆ ಗೊತ್ತಿರುವ ಬ್ಯಾಕ್ಟೀರಿಯಾಗಳಲ್ಲಿ ಇದಕ್ಕೆ ಅತಿ ಹತ್ತಿರದ ನೆಂಟನ ಜೊತೆಗೂ ನೂರಕ್ಕೆ ತೊಂಬತ್ನಾಲ್ಕು ಅಕ್ಷರ ಮಾತ್ರ ಹೊಂದುತ್ತಿತ್ತು. ತೊಂಬತ್ತೇಳಕ್ಕಿಂತ ಕಡಿಮೆಯಾದರೆ ಬೇರೆಯದೇ ಜಾತಿ ಎಂದು ಹಿಡಿಯುವುದು ವಾಡಿಕೆಯಂತೆ.

"ಇದು ಹೊಸದು ರುದ್ರಮ್ಮ. ಇದಕ್ಕಿನ್ನೂ ಯಾರೂ ಹೆಸರೇ ಇಟ್ಟಿಲ್ಲ" ಎಂದು ಮೇಡಂ ಕಾಗದವನ್ನು ಅವಳ ಕೈಗೆ ಕೊಟ್ಟರು. ಇಂಗ್ಲಿಷ್ ಬಾರದ ತಿಪ್ಪೇರುದ್ರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

ಬರೀ ಹೊಸದು ಎಂದರೆ ಯಾರೂ ಒಪ್ಪುವುದಿಲ್ಲ. ಜೀವಂತ ಬ್ಯಾಕ್ಟೀರಿಯಾವನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಕ್ಕೆ ಕೊಡಬೇಕು. ಹೊರದೇಶಕ್ಕೆ ಹೋದ ಮೊದಲ ಟ್ಯೂಬು ದಾರಿಯಲ್ಲೇ ಸತ್ತಿತು, ಎರಡನೆಯದು ಬದುಕಿ ಮುಟ್ಟಿತು. ಅದಕ್ಕಿಟ್ಟ ಹೆಸರಿನ ಕೊನೆಗೆ ಮೇಡಂ ಕೂಡ್ಲಿಗಿಯನ್ನು ಸೇರಿಸಿದರು. "ಕೆಲಸ ಮಾಡಿದ್ದು ಕೊಟ್ಟೂರಾಗ, ಹೆಸರು ಕೂಡ್ಲಿಗಿದಾ?" ಎಂದು ಪಂಪಮ್ಮ ಸಿಟ್ಟಾದಳು. ಹುಟ್ಟಿದ ಊರು ಅದಲ್ಲವೇ ಎಂದು ತಿಪ್ಪೇರುದ್ರಮ್ಮ ಸಮಾಧಾನ ಹೇಳಬೇಕಾಯಿತು.

ಎಲ್ಲ ಮುಗಿದು ಪ್ರಬಂಧ ಬರೆಯುವಾಗ ಗೈಡು ಫೋನು ಮಾಡಿದರು. ತಿಪ್ಪೇರುದ್ರಮ್ಮ ಅಲ್ಲೇ ಇದ್ದಳು. ಆ ಹೆಪ್ಪಿನ ಪ್ರಯೋಗವನ್ನು ನೀವೇ ಯೋಚಿಸಿ ಮಾಡಿದ್ದು ಅಂತ ಬರೆದರೆ ಚೆಂದ, ಅಟೆಂಡರ್ ಕಥೆಯೆಲ್ಲ ಯಾಕೆ, ಪರೀಕ್ಷಕರು ನಕ್ಕಾರು ಎಂಬುದು ಅವರ ಮಾತು. ಮೇಡಂ ಕೇಳುವಷ್ಟು ಕೇಳಿ, "ಇಲ್ಲ ಸರ್. ಆಯಮ್ಮ ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ನಾನು ಹೆಂಗೆ ಮುಚ್ಚಿಡಲಿ?" ಎಂದು ಫೋನಿಟ್ಟರು. ಆ ಮಾತು ಕೇಳಿ ತಿಪ್ಪೇರುದ್ರಮ್ಮನಿಗೆ ಹಿಗ್ಗಬೇಕಾಗಿತ್ತು. ಹಿಗ್ಗಲಿಲ್ಲ. ನುಂಗಿಕೊಂಡ ಮಾತೊಂದು ಒಳಗೆ ಇನ್ನೂ ಇತ್ತು.

ಎರಡು ಸಾವಿರದ ಆರನೇ ಇಸವಿಯ ಜುಲೈ ತಿಂಗಳು. ಹಸಿರು ರೆಕ್ಸಿನ್ನಿನಲ್ಲಿ ಕಟ್ಟಿಸಿದ ಪ್ರಬಂಧದ ಐದು ಪ್ರತಿ ಲ್ಯಾಬಿನ ಮೇಜಿನ ಮೇಲಿದ್ದವು. ಹಗರಿಬೊಮ್ಮನಹಳ್ಳಿ ಮೇಲೆ ಹೊಸಪೇಟೆಗೆ ಹೋಗುವ ಹನ್ನೊಂದು ಗಂಟೆಯ ಬಸ್ಸು ಹಿಡಿದು ಮೇಡಂ ಅವನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ ಬರಬೇಕು. ಹೊರಡುವ ಮುಂಚೆ ಒಂದು ಪ್ರತಿ ತೆರೆದು, "ಕೂತ್ಕೊಳ್ರಿ, ನಿಮ್ಮ ಭಾಗ ಓದ್ತೀನಿ" ಎಂದರು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಓದಿದರು. "ಲ್ಯಾಬ್ ಅಟೆಂಡರ್ ಶ್ರೀಮತಿ ತಿಪ್ಪೇರುದ್ರಮ್ಮ ಅವರು, ಸಂಶೋಧಕಿಗೆ ತಿಳಿಯದಂತೆ, ಒಂದು, ಎರಡು ಮತ್ತು ಮೂರನೇ ಬಾಟಲಿಗೆ ತಲಾ ನಾಲ್ಕು ಹನಿ ತಿಳಿನೀರು ಹಾಕಿದರು. ಸೂರ್ಯಾಸ್ತದ ನಂತರ ಹೆಪ್ಪು ಕೊಡಬಾರದೆಂಬ ಪದ್ಧತಿಯಿಂದ ಉಳಿದ ಮೂರಕ್ಕೆ ಹಾಕಲಿಲ್ಲ. ಮೂರನೇ ಬಾಟಲಿ ಉಳಿದೆರಡಕ್ಕಿಂತ ಎರಡು ದಿನ ಮೊದಲು ಹಸಿರಾಯಿತು. ಇದರ ಕಾರಣ..." ಇಲ್ಲಿ ಮೇಡಂ ಪುಟ ತಿರುವಿ ನಕ್ಕರು. "ಕಾರಣಕ್ಕೆ ಅರ್ಧ ಪುಟ ಬರೆದೀನಿ. ಬೆಳಕು ಹೆಚ್ಚು ಬಿದ್ದಿರಬಹುದು, ಕಿಟಕಿ ಹತ್ತಿರ ಇದ್ದಿರಬಹುದು ಅಂತ. ನಿಜ ಏನೋ ಗೊತ್ತಿಲ್ಲ."

ತಿಪ್ಪೇರುದ್ರಮ್ಮ ಎದ್ದು ನಿಂತಳು. ತನ್ನ ಹೆಸರಿನ ಹಿಂದೆ ಶ್ರೀಮತಿ ಎಂದು ಅಚ್ಚು ಹಾಕಿದ ಪುಟ ಅದು. ಅದೇ ಪುಟದಲ್ಲಿ ಒಂದು ಸುಳ್ಳು, ಅದೂ ತನ್ನದೇ.

"ಮೂರನೇದಕ್ಕ ನಾಕು ಹನಿ ಅಲ್ರಿ ಮೇಡಂ" ಎಂದಳು. "ಕರೆಂಟ್ ಹೋತು, ಕೈ ಬೆಚ್ಚಿತು, ಡ್ರಾಪರ್‌ನ್ಯಾಗ ಇದ್ದದ್ದೆಲ್ಲ ಚೆಲ್ಲಿಬಿಟ್ಟೆ. ಎಷ್ಟು ಬಿತ್ತೋ ಎಣಿಸಿಲ್ಲ. ಕೈ ತಪ್ಪಿತು ಅಂತ ಹೇಳಾಕ ನಾಚಿಕಿ ಆತು, ಹೇಳಲಿಲ್ಲ. ಎರಡು ವರ್ಷ ಆತು."

ಮೇಡಂ ಗೋಡೆಯ ಗಡಿಯಾರ ನೋಡಿದರು, ಹತ್ತೂ ಇಪ್ಪತ್ತು. ಪೆನ್ನು ತೆಗೆದು 'ತಲಾ ನಾಲ್ಕು ಹನಿ' ಎಂಬುದರ ಮುಂದೆ ಗುರುತು ಹಾಕಿ, ಅಂಚಿನಲ್ಲಿ ಒಂದು ಸಾಲು ಬರೆದರು. ಮುಂದಿನ ಪುಟದ ಆ ಅರ್ಧ ಪುಟವನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿದರು. ಸಾವಿರಾರು ರೂಪಾಯಿಯ ಬೈಂಡಿಂಗು, ಕನ್ನಡಿಯಂಥ ಹಾಳೆ. ಹೊಡೆದುಹಾಕುವಾಗ ಅವರ ಮುಖದಲ್ಲಿ ಒಂದು ಚೂರು ಬೇಸರ ಇರಲಿಲ್ಲ. ಕೆಳಗೆ ಸಹಿ ಮಾಡಿದರು.

"ಏನು ಬರದ್ರಿ?" ಎಂದು ತಿಪ್ಪೇರುದ್ರಮ್ಮ ಕೇಳಿದಳು.

"ಮೂರನೇ ಬಾಟಲಿಗೆ ಎಷ್ಟು ಹನಿ ಅಂತ ತಿಳಿದಿಲ್ಲ, ಹೆಚ್ಚು ಬಿದ್ದಿದೆ, ಹಾಕಿದವರೇ ಹೇಳಿದ್ದು ಅಂತ ಬರೆದೆ." ಮೇಡಂ ಪುಸ್ತಕವನ್ನು ಅವಳ ಕಡೆ ತಿರುಗಿಸಿ ಪೆನ್ನು ಚಾಚಿದರು. "ಹಾಕಿದವರು ನೀವು. ನನ್ನ ಸಹಿ ಪಕ್ಕದಲ್ಲಿ ನಿಮ್ಮದೂ ಇರ್ಬೇಕು. ಐದಕ್ಕೂ ಮಾಡ್ರಿ."

ಪಗಾರದ ಪುಸ್ತಕ ಬಿಟ್ಟು ಬೇರೆಲ್ಲೂ ಸಹಿ ಮಾಡಿದವಳಲ್ಲ ಅವಳು. ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಮೊದಲ ಪ್ರತಿಯಲ್ಲಿ ಬರೆದಳು. ಅಕ್ಷರಗಳು ಸೊಟ್ಟಗೆ ಕೆಳಗೆ ಜಾರಿದವು. ಮೇಡಂ ಎರಡನೇ ಪ್ರತಿಯನ್ನು ತಿದ್ದಿ ಮುಂದೆ ಸರಿಸಿದರು, ಆಮೇಲೆ ಮೂರನೆಯದನ್ನು. ಐದನೆಯದಕ್ಕೆ ಬರುವ ಹೊತ್ತಿಗೆ ಅವಳ ಅಕ್ಷರಗಳು ನೆಟ್ಟಗೆ ಕೂತಿದ್ದವು.